ಮುಂದೆ ಕಡಲು, ಬೆನ್ನಿಗೆ ಕೊಡಚಾದ್ರಿ: ಕೈಯಲ್ಲಿ ಯಾವ ಜಿಪಿಎಸ್?

ಫೋನ್ ಇದ್ದಮೇಲೆ ಬೇರೆ ಯಂತ್ರ ಯಾಕೆ? ಬೇಕೇ ಬೇಕಾದರೆ ಯಾವುದು? ಕಿರಿಮಂಜೇಶ್ವರದ ಮರಳಿನಿಂದ ಕೊಡಚಾದ್ರಿಯ ನೆತ್ತಿಗೆ ನೇರ ಗೆರೆ ಎಳೆದರೆ ಮೂವತ್ತು ಕಿ.ಮೀ. ಕೂಡ ಇಲ್ಲ. ಆದರೆ ಕಡಲು ಕೇಳುವ ಯಂತ್ರ ಒಂದು, ಘಟ್ಟ ಕೇಳುವುದು ಇನ್ನೊಂದು. ಜಾಹೀರಾತಿನ ಪಟ್ಟಿ ಬದಿಗಿಡಿ, ಒದ್ದೆ ಕೈಯಲ್ಲಿ ಹಿಡಿದು ನೋಡಿ.

ನವರಾತ್ರಿ ಮುಗಿದಿದೆ, ದೀಪಾವಳಿ ಬಂದಿಲ್ಲ. ಬೆಳಗಿನ ಐದೂವರೆ. ಕಿರಿಮಂಜೇಶ್ವರದ ಕಡಲ ತಡಿಯಲ್ಲಿ ನಾಲ್ಕು ಮಂದಿ ನಾಡದೋಣಿಯನ್ನು ನೀರಿಗೆ ನೂಕುತ್ತಿದ್ದಾರೆ. ಎಂಜಿನ್ನಿನ ಹಗ್ಗ ಜಗ್ಗುವ ಮೊದಲು ಹಿಂದೆ ಕೂತವರು ಪ್ಲಾಸ್ಟಿಕ್ ತೊಟ್ಟೆಯೊಳಗಿನ ಅಂಗೈಯಗಲದ ಯಂತ್ರವೊಂದರ ಗುಂಡಿ ಒತ್ತುತ್ತಾರೆ. ತೊಟ್ಟೆ ಬಿಚ್ಚುವುದಿಲ್ಲ, ಮೇಲಿಂದಲೇ ಒತ್ತುತ್ತಾರೆ. ಯಂತ್ರ ಕುಂಯ್ ಎನ್ನುತ್ತದೆ.

ಅದೇ ಹೊತ್ತಿಗೆ ಹೆದ್ದಾರಿ 66ರ ಬದಿಯಲ್ಲಿ ಟೆಂಪೊ ಟ್ರಾವೆಲರ್ ಒಂದು ಚಹಾಕ್ಕೆ ನಿಂತಿದೆ. ರಾತ್ರಿಯಿಡೀ ಪಯಣಿಸಿ ಬಂದ ಬೆಂಗಳೂರಿನ ಹುಡುಗರು, ಹೊರಟಿರುವುದು ಕೊಲ್ಲೂರಿನತ್ತ. ಒಬ್ಬ ಫೋನನ್ನು ಆಕಾಶಕ್ಕೆತ್ತಿ ಟವರ್ ಎಷ್ಟು ಕಡ್ಡಿ ಎಂದು ಎಣಿಸುತ್ತಿದ್ದಾನೆ. ಪೂರ್ವದಲ್ಲಿ ಘಟ್ಟದ ಸಾಲು ಇನ್ನೂ ಕಪ್ಪು.

ದೋಣಿಯವರಿಗೂ ಚಾರಣಿಗರಿಗೂ ದಾರಿ ಹೇಳಬೇಕಾದವು ಅವೇ ಉಪಗ್ರಹಗಳು, 20,200 ಕಿ.ಮೀ. ಎತ್ತರದಲ್ಲಿ ದಿನಕ್ಕೆರಡು ಸುತ್ತು ಹಾಕುವಂಥವು. ಆದರೆ ಆ ಸಂಕೇತವನ್ನು ಹಿಡಿಯುವ ಯಂತ್ರ ಇಬ್ಬರಿಗೂ ಒಂದೇ ಆಗಬೇಕಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದು, ಮಳೆ ಹಿಂದೆ ಸರಿದು, ಕಾಡಿನ ಕಾಲುದಾರಿ ಜಿಗಣೆ ಬಿಟ್ಟು ಒಣಗುವ ಈ ತಿಂಗಳುಗಳಲ್ಲೇ ಜನ ಜಿಪಿಎಸ್ ಕೊಳ್ಳುವ ಯೋಚನೆ ಮಾಡುತ್ತಾರೆ. ಹೆಚ್ಚಿನವರು ಯೋಚಿಸುವುದು ತೆರೆಯ ಅಂಗುಲ, ಬಣ್ಣ, ಮೆಮೊರಿ. ಯೋಚಿಸಬೇಕಾದ್ದು ಮಾತ್ರ ಬೇರೆ.

ಅಗಸ್ತ್ಯನಿಂದ ಉಪಗ್ರಹಕ್ಕೆ

ಕಿರಿಮಂಜೇಶ್ವರದ ದೇವರು ಅಗಸ್ತ್ಯೇಶ್ವರ. ಅಕ್ಟೋಬರ್ ಕೊನೆಯ ನಸುಕಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿದರೆ ಅದೇ ಋಷಿಯ ಹೆಸರಿನ ನಕ್ಷತ್ರ ಕಡಲಂಚಿನ ಮೇಲೆ ಝಗಝಗಿಸುತ್ತಿರುತ್ತದೆ. ರಾತ್ರಿಯಾಗಸದಲ್ಲಿ ಲುಬ್ಧಕದ ಬಳಿಕ ಅತ್ಯಂತ ಪ್ರಕಾಶಮಾನವಾದ ನಕ್ಷತ್ರ ಅದು. ಉತ್ತರಕ್ಕೆ ತಿರುಗಿದರೆ ಧ್ರುವ, ಇಲ್ಲಿ ದಿಗಂತದಿಂದ ಹೆಚ್ಚುಕಡಿಮೆ 14 ಡಿಗ್ರಿ ಮೇಲೆ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿ. ಧ್ರುವ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ನೀವಿರುವ ಅಕ್ಷಾಂಶ. ಜಿಪಿಎಸ್ ಇಲ್ಲದ ಕಾಲಕ್ಕೆ ಹಡಗಿನವರು ನೆಚ್ಚಿದ್ದ ಲೆಕ್ಕ ಇದು. ದಡ ಕಾಣುವಷ್ಟು ದೂರದಲ್ಲಿದ್ದರೆ ಬೆಟ್ಟದ ತುದಿ ಮತ್ತು ದೀಪಸ್ತಂಭವನ್ನು ಒಂದೇ ಗೆರೆಗೆ ತಂದುಕೊಂಡು ಮೀನಿನ ಜಾಗ ನೆನಪಿಡುತ್ತಿದ್ದರು.

ಅಂಗೈ ಜಿಪಿಎಸ್‌ನ ವಯಸ್ಸು ಇನ್ನೂ ನಲವತ್ತಾಗಿಲ್ಲ. ಕೈಯಲ್ಲಿ ಹಿಡಿಯುವಂಥ ಮೊದಲ ಜಿಪಿಎಸ್ ಮಾರುಕಟ್ಟೆಗೆ ಬಂದದ್ದು 1989ರಲ್ಲಿ, ಮೆಗಲನ್ ಕಂಪನಿಯ ನ್ಯಾವ್ 1000. ಬೆಲೆ ಸುಮಾರು 3,000 ಡಾಲರ್, ತೂಕ ಮುಕ್ಕಾಲು ಕಿಲೊ ಹತ್ತಿರ. ಆಗ ಅಮೆರಿಕದ ಸೇನೆ ನಾಗರಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳಿಸುತ್ತಿತ್ತು, ನೂರು ಮೀಟರ್‌ವರೆಗೂ ತಪ್ಪು ಬರುವಂತೆ. 2000ದ ಮೇ ಮೊದಲ ವಾರ ಅಧ್ಯಕ್ಷ ಕ್ಲಿಂಟನ್ ಅದನ್ನು ನಿಲ್ಲಿಸಿದರು. ಒಂದೇ ರಾತ್ರಿಯಲ್ಲಿ ಜಗತ್ತಿನ ಎಲ್ಲ ಜಿಪಿಎಸ್‌ಗಳ ದೃಷ್ಟಿ ತಿಳಿಯಾಯಿತು. ಈಗ ತೆರೆದ ಆಕಾಶದಡಿ ಐದು ಮೀಟರ್ ಒಳಗಿನ ತಪ್ಪು ಸಾಮಾನ್ಯ ಯಂತ್ರಕ್ಕೂ ಸಾಧ್ಯ. ನಿಖರತೆಯ ಹೆಸರಿನಲ್ಲಿ ದುಬಾರಿ ಯಂತ್ರ ಮಾರಲು ಬರುವವರಿಗೆ ಇಷ್ಟು ಉತ್ತರ ಸಾಕು. ತೆರೆದ ಆಕಾಶ ಇಲ್ಲದ ಕಡೆ ಏನು ಎಂಬುದೇ ನಿಜವಾದ ಪ್ರಶ್ನೆ. ಅದಕ್ಕೆ ಆಮೇಲೆ ಬರೋಣ.

ಟವರ್ ಹೋದರೆ ಜಿಪಿಎಸ್ ಹೋಗುವುದಿಲ್ಲ

ಫೋನ್ ಎತ್ತಿ ಹಿಡಿದ ಆ ಹುಡುಗನ ಚಿಂತೆ ಅರ್ಧ ಮಾತ್ರ ಸರಿ. ಫೋನಿನೊಳಗಿನ ಜಿಪಿಎಸ್‌ಗೆ ಟವರ್ ಬೇಡ. ಟವರ್ ಇಲ್ಲದಿದ್ದರೆ ನಕ್ಷೆ ಬರುವುದಿಲ್ಲ, ಮೊದಲ ಸಲ ಜಾಗ ಹಿಡಿಯುವುದು ನಿಧಾನವಾಗುತ್ತದೆ, ಅಷ್ಟೆ. ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ಓಸ್ಮ್ಯಾಂಡ್, ಆರ್ಗ್ಯಾನಿಕ್ ಮ್ಯಾಪ್ಸ್‌ನಂಥ ಆ್ಯಪ್‌ನಲ್ಲಿ ಮನೆಯಲ್ಲೇ ನಕ್ಷೆ ಇಳಿಸಿಕೊಂಡು, ಜೊತೆಗೊಂದು ಪವರ್ ಬ್ಯಾಂಕ್ ಇಟ್ಟುಕೊಂಡರೆ ವರ್ಷಕ್ಕೊಮ್ಮೆ ಕೊಡಚಾದ್ರಿ ಹತ್ತಿ ಇಳಿಯುವವರಿಗೆ ಬೇರೆ ಯಂತ್ರ ಬೇಡವೇ ಬೇಡ. ಆ ದುಡ್ಡಿಗೆ ಒಳ್ಳೆಯ ಬೂಟು ಬರುತ್ತದೆ.

ಫೋನ್ ಸೋಲುವುದು ನೀರಿಗೆ. ಮಳೆಹನಿ ಬಿದ್ದ ಗಾಜಿನ ತೆರೆಗೆ ಬೆರಳು ಯಾವುದು, ಹನಿ ಯಾವುದು ಗೊತ್ತಾಗುವುದಿಲ್ಲ. ನಕ್ಷೆ ತಾನಾಗಿಯೇ ಜಾರುತ್ತದೆ, ಹಿಗ್ಗುತ್ತದೆ, ಯಾರಿಗೋ ಕರೆ ಹೋಗುತ್ತದೆ. ಉಪ್ಪುನೀರಿನ ಕೈಗೆ ಇನ್ನೂ ಕಷ್ಟ. ಚಾರ್ಜಿಂಗ್ ತೂತಿಗೆ ತೇವ ಹೊಕ್ಕರೆ ಪವರ್ ಬ್ಯಾಂಕ್ ಇದ್ದೂ ಇಲ್ಲದ ಹಾಗೆ. ಮಧ್ಯಾಹ್ನದ ಬಿಸಿಲಿನಲ್ಲಿ, ಮರಳು ಮತ್ತು ನೀರು ಎರಡೂ ಕಣ್ಣಿಗೆ ಹೊಡೆಯುವಾಗ, ತೆರೆಯ ಮೇಲೆ ಕಾಣುವುದು ನಮ್ಮದೇ ಮುಖ. ಅಂಗೈ ಜಿಪಿಎಸ್‌ನ ತೆರೆ ಇದಕ್ಕೆ ಉಲ್ಟಾ: ಬಿಸಿಲು ಬಿದ್ದಷ್ಟೂ ಸ್ಪಷ್ಟ. ಅದರ ಗುಂಡಿಗಳನ್ನು ತೊಟ್ಟೆಯ ಮೇಲಿಂದಲೂ ಒತ್ತಬಹುದು.

ಹಾಗಾಗಿ ಮೊದಲ ಸಲಹೆ: ಟಚ್ ಸ್ಕ್ರೀನ್ ಎಂಬ ಆಮಿಷಕ್ಕೆ ಬೀಳಬೇಡಿ. ವರ್ಷಕ್ಕೆ ನಾಲ್ಕು ಸಾವಿರ ಮಿ.ಮೀ. ಆಸುಪಾಸು ಮಳೆ ಸುರಿಯುವ ಸೀಮೆಯಲ್ಲಿ ಗುಂಡಿಗಳದ್ದೇ ರಾಜ್ಯ.

ಎರಡನೆಯದು ಬ್ಯಾಟರಿ. ಎಎ ಸೆಲ್ ಹಾಕುವ ಯಂತ್ರ ನೋಡಲು ಹಳೆಯ ಕಾಲದ್ದು ಅನ್ನಿಸಬಹುದು. ಆದರೆ ಆ ಸೆಲ್ ನಾಗೂರಿನ ಗೂಡಂಗಡಿಯಲ್ಲೂ ಸಿಗುತ್ತದೆ, ಕೊಲ್ಲೂರಿನಲ್ಲೂ ಸಿಗುತ್ತದೆ. ಗಾರ್ಮಿನ್‌ನ ಇಟ್ರೆಕ್ಸ್ 22ಎಕ್ಸ್ ಎರಡು ಸೆಲ್‌ಗಳಲ್ಲಿ 25 ಗಂಟೆ ಓಡುತ್ತದೆ ಎನ್ನುವುದು ಕಂಪನಿಯ ಲೆಕ್ಕ. 2023ರಲ್ಲಿ ಬಂದ, ಕಪ್ಪು-ಬಿಳಿ ತೆರೆಯ ಇಟ್ರೆಕ್ಸ್ ಎಸ್‌ಇಗೆ ಅದೇ ಎರಡು ಸೆಲ್‌ಗಳಲ್ಲಿ 168 ಗಂಟೆ, ಅಂದರೆ ಇಡೀ ವಾರ. ಕಂಪನಿಯ ಲೆಕ್ಕದಲ್ಲಿ ಮೂರನೇ ಒಂದು ಭಾಗ ಕಳೆದುಕೊಂಡೇ ನಂಬುವುದು ಕ್ಷೇಮ. ಮತ್ತೊಂದು ಮಾತು: ಮಳೆಗಾಲಕ್ಕೆ ಯಂತ್ರವನ್ನು ಕಪಾಟಿಗೆ ಹಾಕುವ ಮುನ್ನ ಸೆಲ್ ತೆಗೆದಿಡಿ. ಆಷಾಢದ ತೇವಕ್ಕೆ ಸೆಲ್ ಸೋರಿ ಒಳಗಿನ ತಾಮ್ರವೆಲ್ಲ ಹಸಿರು ಬಣ್ಣಕ್ಕೆ ತಿರುಗಿರುತ್ತದೆ.

▪ ಬಾಕ್ಸ್: 13.47 ಬೇರೆ, 13 ಡಿಗ್ರಿ 47 ನಿಮಿಷ ಬೇರೆ

ಕಿರಿಮಂಜೇಶ್ವರ ಇರುವುದು ಸರಿಸುಮಾರು 13 ಡಿಗ್ರಿ 47 ನಿಮಿಷ ಉತ್ತರ, 74 ಡಿಗ್ರಿ 37 ನಿಮಿಷ ಪೂರ್ವದಲ್ಲಿ. ಇದನ್ನೇ ಅವಸರದಲ್ಲಿ 13.47, 74.37 ಎಂದು ಒತ್ತಿದಿರೋ, ಯಂತ್ರ ನಿಮ್ಮನ್ನು ಬಾರ್ಕೂರಿನ ನೇರಕ್ಕೆ, ದಡದಿಂದ ಮೂವತ್ತಕ್ಕೂ ಹೆಚ್ಚು ಕಿ.ಮೀ. ಪಶ್ಚಿಮಕ್ಕೆ, ಅರಬ್ಬೀ ಸಮುದ್ರದೊಳಗೆ ಕಳಿಸುತ್ತದೆ. ಫೋನ್‌ಗಳು ದಶಮಾಂಶದಲ್ಲಿ ಮಾತಾಡುತ್ತವೆ, ಕಡಲಿನವರು ಡಿಗ್ರಿ-ನಿಮಿಷದಲ್ಲಿ. ಅಕ್ಷಾಂಶದ ಒಂದು ನಿಮಿಷ ಎಂದರೆ ಒಂದು ನಾಟಿಕಲ್ ಮೈಲು, 1.852 ಕಿ.ಮೀ., ಲೆಕ್ಕಕ್ಕೆ ಸಲೀಸು. ಯಂತ್ರದ ಸೆಟ್ಟಿಂಗ್‌ನಲ್ಲಿ ಯಾವುದಿದೆ ಎಂದು ಮೊದಲು ನೋಡಿ, ಇನ್ನೊಬ್ಬರಿಗೆ ಜಾಗ ಹೇಳುವಾಗ ಬಾಯಿಬಿಟ್ಟು ಹೇಳಿ.

ಒದ್ದೆ ಎಲೆ, ಒದ್ದೆ ಮೈ

ಈಗ ತೆರೆದ ಆಕಾಶ ಇಲ್ಲದ ಜಾಗಕ್ಕೆ. ನಿಟ್ಟೂರು ಕಡೆಯಿಂದ, ಹಿಡ್ಲುಮನೆ ಜಲಪಾತದ ಮೇಲೆ ಹಾದು ಕೊಡಚಾದ್ರಿಗೆ ಏರುವವರಿಗೆ ದಾರಿಯುದ್ದಕ್ಕೂ ಮೂರು ಬಗೆಯ ಆಕಾಶ ಸಿಗುತ್ತದೆ. ಹಳ್ಳದ ಬದಿಯಲ್ಲಿ ಒಂದು ಸೀಳು, ಕಾಡಿನೊಳಗೆ ಎಲೆಗಳ ಚಾವಣಿ, ಮೇಲೆ ಹುಲ್ಲುಗಾವಲಿನಲ್ಲಿ ಪೂರ್ತಿ ಬಯಲು.

ಉಪಗ್ರಹದ ಸಂಕೇತ ನೆಲ ಮುಟ್ಟುವ ಹೊತ್ತಿಗೆ ಕಲ್ಪನೆಗೂ ಸಿಗದಷ್ಟು ಕ್ಷೀಣವಾಗಿರುತ್ತದೆ. ಮೋಡ ಮತ್ತು ಮಂಜು ಅದನ್ನು ತಡೆಯುವುದಿಲ್ಲ. ಕೊಡಚಾದ್ರಿಯ ಸರ್ವಜ್ಞಪೀಠದ ಸುತ್ತ ಹತ್ತಡಿ ಮುಂದಿನವರೂ ಕಾಣದ ಮಂಜು ಕವಿದಾಗ ಜಿಪಿಎಸ್ ಅತ್ಯುತ್ತಮವಾಗಿ ಕೆಲಸ ಮಾಡುತ್ತಿರುತ್ತದೆ. 1,343 ಮೀಟರ್ ಎತ್ತರದ ಆ ನೆತ್ತಿಯಲ್ಲಿ ಅದರ ಬೆಲೆ ಗೊತ್ತಾಗುವುದೂ ಆಗಲೇ. ತಡೆಯುವುದು ಎಲೆಯ ಮೇಲಿನ ನೀರು, ಬಂಡೆ, ಮತ್ತು ನಮ್ಮದೇ ದೇಹ. ಮನುಷ್ಯನ ಮೈಯಲ್ಲಿ ಹೆಚ್ಚಿನ ಪಾಲು ನೀರೇ ತಾನೆ. ಸೊಂಟಕ್ಕೆ ಕಟ್ಟಿಕೊಂಡ ಯಂತ್ರಕ್ಕೆ ಅರ್ಧ ಆಕಾಶ ಕಾಣುವುದಿಲ್ಲ. ಬೆನ್ನುಚೀಲದ ಭುಜದ ಪಟ್ಟಿಯಲ್ಲಿ, ಆದಷ್ಟು ಮೇಲೆ ಸಿಕ್ಕಿಸಿ.

ಆಂಟೆನಾದಲ್ಲೂ ಎರಡು ಜಾತಿ. ಇಟ್ರೆಕ್ಸ್‌ನಂಥ ಚಿಕ್ಕ ಯಂತ್ರಗಳಲ್ಲಿ ಚಪ್ಪಟೆ ಆಂಟೆನಾ ಇರುತ್ತದೆ. ಮುಖ ಆಕಾಶಕ್ಕೆ ಮಾಡಿ ಮಲಗಿಸಿ ಹಿಡಿದರೆ ಅದಕ್ಕೆ ಹಿತ. ಜಿಪಿಎಸ್‌ಮ್ಯಾಪ್ ಸರಣಿಯ ನೆತ್ತಿಯ ಮೇಲೆ ಮೋಟು ಕೊಂಬಿನಂತೆ ಎದ್ದಿರುವುದು ಸುರುಳಿ ಆಂಟೆನಾ; ಅದನ್ನು ನಿಲ್ಲಿಸಿ ಹಿಡಿಯಬೇಕು. ದಟ್ಟ ಕಾಡಿನಲ್ಲಿ ಸುರುಳಿಯದ್ದೇ ಮೇಲುಗೈ.

ಕಣಿವೆಯಲ್ಲಿ ಬರುವ ಕಾಟ ಬೇರೆ. ಸಂಕೇತ ಬಂಡೆಗೆ ಬಡಿದು, ತಿರುಗಿ ಯಂತ್ರಕ್ಕೆ ಬರುತ್ತದೆ. ಯಂತ್ರ ದೂರ ಅಳೆಯುವುದು ಸಂಕೇತ ಬರಲು ಹಿಡಿದ ಸಮಯದಿಂದ. ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಡವಾದರೆ 300 ಮೀಟರ್ ವ್ಯತ್ಯಾಸ. ಹಾಗಾಗಿ ನೀವು ಕಲ್ಲಿನ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದರೂ ತೆರೆಯ ಮೇಲಿನ ಬಾಣ ಹಳ್ಳದ ಆಚೆ ದಡಕ್ಕೆ ಜಿಗಿದು ಬರುತ್ತದೆ. ಇದಕ್ಕೆ ಮದ್ದು ಎರಡು ಕಂಪನಾಂಕಗಳನ್ನು ಒಟ್ಟಿಗೆ ಕೇಳಿಸಿಕೊಳ್ಳುವ ಯಂತ್ರ. ಪೆಟ್ಟಿಗೆಯ ಮೇಲೆ ಮಲ್ಟಿಬ್ಯಾಂಡ್ ಎಂದು ಬರೆದಿರುತ್ತದೆ. ಗಾರ್ಮಿನ್‌ನ ಜಿಪಿಎಸ್‌ಮ್ಯಾಪ್ 65, 2020ರಲ್ಲಿ, ಇದನ್ನು ಅಂಗೈ ಯಂತ್ರಕ್ಕೆ ತಂದಿತು. ಹೆಚ್ಚು ದುಡ್ಡು ಕೊಡುವುದೇ ಆದರೆ ಇದಕ್ಕೆ ಕೊಡಿ, ಬಣ್ಣದ ನಕ್ಷೆಗಲ್ಲ.

ದಿಕ್ಸೂಚಿಯ ವಿಷಯದಲ್ಲೊಂದು ಹುಳುಕಿದೆ, ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಇಟ್ರೆಕ್ಸ್ 22ಎಕ್ಸ್‌ನಂಥ ಅಗ್ಗದ ಮಾದರಿಗಳಲ್ಲಿ ನಿಜವಾದ ದಿಕ್ಸೂಚಿ ಇಲ್ಲ. ನಡೆಯುತ್ತಿರುವಾಗ ಮಾತ್ರ ದಿಕ್ಕು ತೋರಿಸುತ್ತವೆ. ದಾರಿ ತಪ್ಪಿದವರು ಮೊದಲು ಮಾಡುವ ಕೆಲಸವೇ ನಿಲ್ಲುವುದು. ನಿಂತಾಕ್ಷಣ ಬಾಣ ಸುಳ್ಳು ಹೇಳತೊಡಗುತ್ತದೆ. 32ಎಕ್ಸ್‌ನಲ್ಲಿ ದಿಕ್ಸೂಚಿಯೂ ಇದೆ, ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಮಾಪಕವೂ ಇದೆ.

ಬಾಣ ನೇರ, ಘಟ್ಟ ಡೊಂಕು

ಜಿಪಿಎಸ್‌ಗೆ ಗುರಿ ಕೊಟ್ಟರೆ ಅದು ನೇರ ಗೆರೆ ಎಳೆಯುತ್ತದೆ. ಘಟ್ಟದಲ್ಲಿ ಒಂದು ಕಿ.ಮೀ. ನೇರ ಗೆರೆ ಎಂದರೆ ಕೆಲವೊಮ್ಮೆ ಒಂದು ದಿನದ ದಾರಿ, ಕೆಲವೊಮ್ಮೆ ಪ್ರಪಾತ. ಕಾಡಿನಲ್ಲಿ ನಂಬಬೇಕಾದ ಸೌಲಭ್ಯ ಬೇರೊಂದಿದೆ: ನಡೆದ ಹೆಜ್ಜೆಯನ್ನು ಸಾಲಾಗಿ ಬರೆದಿಟ್ಟು, ಬಂದ ದಾರಿಯಲ್ಲೇ ಹಿಂದಕ್ಕೆ ಕರೆದೊಯ್ಯುವುದು. ಯಂತ್ರ ಕೊಂಡವರಲ್ಲಿ ಹಲವರು ಇದನ್ನು ಒಮ್ಮೆಯೂ ಬಳಸಿರುವುದಿಲ್ಲ.

2019ರ ಸೆಪ್ಟೆಂಬರ್‌ನಲ್ಲಿ ಕುಮಾರಪರ್ವತದಿಂದ ಇಳಿಯುವಾಗ ಗೆಳೆಯರಿಂದ ಬೇರಾದ ಬೆಂಗಳೂರಿನ ಯುವಕನೊಬ್ಬ ಕಾಡಿನಲ್ಲಿ ಕಳೆದುಹೋದ. ಶೋಧ ತಂಡಗಳು ಹುಡುಕುತ್ತಿದ್ದಾಗ ಆತ ನೀರಿನ ಪೈಪೊಂದನ್ನು ಕಂಡು, ಅದರ ಜಾಡು ಹಿಡಿದು ಸುಬ್ರಹ್ಮಣ್ಯ ತಲುಪಿದ. ಎಲ್ಲ ಕಾಡಿನಲ್ಲೂ ಪೈಪು ಇರುವುದಿಲ್ಲ ಮಾರಾಯ್ರೆ.

ಯಂತ್ರ ಹೇಳದ ಸಂಗತಿಗಳೂ ಇವೆ. 2023ರ ಜುಲೈನಲ್ಲಿ ಕೊಲ್ಲೂರು ಬಳಿಯ ಅರಿಶಿನಗುಂಡಿ ಜಲಪಾತದ ಬಂಡೆಯ ಮೇಲೆ ನಿಂತಿದ್ದ ಭದ್ರಾವತಿಯ ಯುವಕ ಜಾರಿ ಕೊಚ್ಚಿಹೋದ. ಮೃತದೇಹ ಸಿಕ್ಕಿದ್ದು ಒಂದು ವಾರದ ಹುಡುಕಾಟದ ನಂತರ. ಆತನಿಗೆ ತಾನೆಲ್ಲಿದ್ದೇನೆ ಎಂಬುದು ಚೆನ್ನಾಗಿಯೇ ಗೊತ್ತಿತ್ತು. ಪಾಚಿಗೆ ಅಕ್ಷಾಂಶ ರೇಖಾಂಶ ಗೊತ್ತಿಲ್ಲ.

ಕಡಲಿಗೆ ಬೇರೆಯದೇ ಲೆಕ್ಕ

ಕಡಲಿನಲ್ಲಿ ಆಕಾಶಕ್ಕೆ ಕೊರತೆಯಿಲ್ಲ. ಮಲ್ಟಿಬ್ಯಾಂಡ್, ಸುರುಳಿ ಆಂಟೆನಾ, ಎತ್ತರದ ಮಾಪಕ ಇವೆಲ್ಲ ಅಲ್ಲಿ ದಂಡದ ಖರ್ಚು. ಅಲ್ಲಿ ಕೇಳಬೇಕಾದ್ದು ಒಂದೇ ಪ್ರಶ್ನೆ: ಕೈಜಾರಿ ಬಿದ್ದರೆ ತೇಲುತ್ತದೆಯೇ?

ಐಪಿಎಕ್ಸ್7 ಎಂಬ ಮುದ್ರೆ ನೋಡಿ ಜನ ಸಮಾಧಾನಪಡುತ್ತಾರೆ. ಅದರರ್ಥ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬದುಕುತ್ತದೆ ಎಂದಷ್ಟೆ. ಮರವಂತೆಯ ಆಚೆ ನೀರು ಒಂದು ಮೀಟರ್ ಇರುವುದು ದಡದಲ್ಲಿ ಮಾತ್ರ. ದೋಣಿಗೆಂದೇ ಮಾಡಿದ ಗಾರ್ಮಿನ್ 72ಎಚ್, ಜಿಪಿಎಸ್‌ಮ್ಯಾಪ್ 78, ಈಚಿನ 79 ಸರಣಿಯ ಯಂತ್ರಗಳು ತೇಲುತ್ತವೆ. ಕಾಡಿನ ಯಂತ್ರಗಳು ಮುಳುಗುತ್ತವೆ. ಒಂದೇ ಯಂತ್ರದಲ್ಲಿ ಎರಡೂ ಸುಧಾರಿಸುತ್ತೇನೆ ಎನ್ನುವವರು ತೇಲುವುದನ್ನೇ ಆರಿಸಿಕೊಳ್ಳಲಿ. ಬೆಟ್ಟದಲ್ಲಿ ಬಿದ್ದದ್ದನ್ನು ಹೆಕ್ಕಬಹುದು. ಮನೆಗೆ ಬಂದಮೇಲೆ ಸಿಹಿನೀರಿನಲ್ಲಿ ತೊಳೆಯುವುದನ್ನು ಮರೆಯಬೇಡಿ. ಗುಂಡಿಯ ಸಂದಿಯಲ್ಲಿ ಕೂತ ಉಪ್ಪು ನಿಧಾನಕ್ಕೆ ತಿನ್ನುತ್ತದೆ.

ನೇರ ಗೆರೆ ಕಡಲಿನಲ್ಲಿ ಕೆಲಸಕ್ಕೆ ಬರುತ್ತದೆ, ಅಳಿವೆಯವರೆಗೆ. ಗಂಗೊಳ್ಳಿಯಂಥ ಅಳಿವೆಯಲ್ಲಿ ಮರಳ ದಿಬ್ಬ ಮಳೆಗಾಲದಿಂದ ಮಳೆಗಾಲಕ್ಕೆ ಜಾಗ ಬದಲಿಸುತ್ತದೆ. ಹೋದ ವರ್ಷ ಗುರುತು ಹಾಕಿಟ್ಟ ಸುರಕ್ಷಿತ ದಾರಿ ಈ ವರ್ಷ ಅಲೆ ಒಡೆಯುವ ಜಾಗವಾಗಿರಬಹುದು. ಆಗಸ್ಟ್ ಬಂದರೆ ಹಳೆಯ ಗುರುತು ಅಳಿಸಿ, ಹೊಸದಾಗಿ ಬರೆದುಕೊಳ್ಳಬೇಕು.

▪ ಬಾಕ್ಸ್: ಉಪಗ್ರಹ ಆಕಾಶದಲ್ಲಿ, ಕೇಂದ್ರ ಕರ್ನಾಟಕದಲ್ಲಿ

ಭಾರತದ್ದೇ ಆದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಅದರ ಸಂಚಾರ ಕೇಂದ್ರ ಇರುವುದು ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿ. ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ಹಾಸನದಲ್ಲಿ. ಆಮದು ಮಾಡಿಕೊಂಡ ಪರಮಾಣು ಗಡಿಯಾರಗಳು ಕೈಕೊಟ್ಟು ಹಲವು ಉಪಗ್ರಹಗಳು ಸೊರಗಿದವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ದೇಶದಲ್ಲೇ ಮಾಡಿದ ರುಬಿಡಿಯಂ ಗಡಿಯಾರವಿದೆ. ನಾವಿಕ್ ಇದೆ ಎಂಬ ಒಂದೇ ಕಾರಣಕ್ಕೆ ಹೆಚ್ಚು ಬೆಲೆ ತೆರುವ ಕಾಲ ಇನ್ನೂ ಬಂದಿಲ್ಲ.

ಈಗಲೇ ಉಪಯೋಗಕ್ಕೆ ಬರುವುದು ಗಗನ್. ವಿಮಾನಗಳಿಗಾಗಿ ವಿಮಾನ ನಿಲ್ದಾಣ ಪ್ರಾಧಿಕಾರ ಮತ್ತು ಇಸ್ರೊ ಸೇರಿ ಕಟ್ಟಿದ ಈ ವ್ಯವಸ್ಥೆ ಜಿಪಿಎಸ್‌ನ ತಪ್ಪನ್ನು ತಿದ್ದಿ ಕಳಿಸುತ್ತದೆ. ಅದರ ಮುಖ್ಯ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿ. ಅಂಗೈ ಯಂತ್ರದ ಸೆಟ್ಟಿಂಗ್‌ನಲ್ಲಿ ಇದು ವಾಸ್ ಅಥವಾ ಈಗ್ನಾಸ್ ಎಂಬ ಅಮೆರಿಕ, ಯುರೋಪುಗಳ ಹೆಸರಿನಲ್ಲಿ ಅಡಗಿರುತ್ತದೆ. ಆನ್ ಮಾಡಿಕೊಂಡರೆ ಗಗನವೂ ಕೇಳಿಸುತ್ತದೆ.

ನಿಮಗೆ ಗೊತ್ತು, ದಡಕ್ಕೆ ಗೊತ್ತಿಲ್ಲ

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ದೋಣಿಯನ್ನು ಈ ಕರಾವಳಿ ಮರೆತಿಲ್ಲ. ಏಳು ಮಂದಿ ಮೀನುಗಾರರು. ಎರಡು ದಿನದ ಬಳಿಕ ಸಂಪರ್ಕ ಕಡಿಯಿತು. ತಿಂಗಳುಗಟ್ಟಲೆ ಹುಡುಕಾಟ, ಹೆದ್ದಾರಿಯಲ್ಲಿ ಪ್ರತಿಭಟನೆ, ನೂರು ಊಹಾಪೋಹ. 2019ರ ಮೇ ಮೊದಲ ದಿನಗಳಲ್ಲಿ ನೌಕಾಪಡೆಯ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣ್ ಬಳಿ ಕಡಲ ತಳದಲ್ಲಿ ದೋಣಿಯ ಅವಶೇಷ ಪತ್ತೆಮಾಡಿತು.

ಜಿಪಿಎಸ್ ಕೊಳ್ಳುವವರಲ್ಲಿ ಬೇರೂರಿರುವ ತಪ್ಪುತಿಳಿವಳಿಕೆಯೊಂದು ಇಲ್ಲಿ ಬಯಲಾಗುತ್ತದೆ. ಅಂಗೈ ಜಿಪಿಎಸ್ ಬರೀ ಕಿವಿ, ಅದಕ್ಕೆ ಬಾಯಿಲ್ಲ. ನೀವೆಲ್ಲಿದ್ದೀರಿ ಎಂದು ನಿಮಗೆ ಹೇಳುತ್ತದೆ. ಬೇರೆ ಯಾರಿಗೂ ಹೇಳುವುದಿಲ್ಲ. ಜಿಪಿಎಸ್ ಕೊಟ್ಟು ಕಳಿಸಿದ್ದೇವೆ, ಇನ್ನು ಹೆದರಿಕೆಯಿಲ್ಲ ಎಂದುಕೊಳ್ಳುವ ಮನೆಯವರು ಇದನ್ನು ತಿಳಿದಿರಬೇಕು.

ದಡದಿಂದ ಹತ್ತು-ಹನ್ನೆರಡು ಕಿ.ಮೀ. ದಾಟಿದರೆ ಮೊಬೈಲ್ ಸತ್ತಂತೆಯೇ. 2017ರ ಒಖಿ ಚಂಡಮಾರುತದಲ್ಲಿ ಆಳಸಮುದ್ರದಲ್ಲಿದ್ದವರಿಗೆ ಎಚ್ಚರಿಕೆ ತಲುಪಿಸಲು ದಾರಿಯೇ ಇರಲಿಲ್ಲ. ಆ ಪಾಠದ ಫಲವಾಗಿ 2019ರ ಅಕ್ಟೋಬರ್‌ನಲ್ಲಿ ಬಂದದ್ದು ಜೆಮಿನಿ ಪೆಟ್ಟಿಗೆ: ಗಗನ್ ಉಪಗ್ರಹದಿಂದ ಹವಾಮಾನದ ಎಚ್ಚರಿಕೆ, ಮೀನು ಸಿಗುವ ಜಾಗದ ಮಾಹಿತಿ ಹಿಡಿದು ಬ್ಲೂಟೂತ್ ಮೂಲಕ ಫೋನಿಗೆ ಕೊಡುತ್ತದೆ. ಅದೂ ಕಿವಿಯೇ. ಬಾಯಿ ಇರುವುದು ಇಸ್ರೊದ ಆಪತ್ಕಾಲದ ಸಂದೇಶ ಸಾಧನಕ್ಕೆ. ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ಕೂಗು ರಕ್ಷಣಾ ಕೇಂದ್ರಕ್ಕೆ ಮುಟ್ಟುತ್ತದೆ. 2024ರಲ್ಲಿ ಬಂದ ಎರಡನೇ ತಲೆಮಾರಿನದರಲ್ಲಿ ಕೂಗು ಕೇಳಿಸಿತು ಎಂಬ ಉತ್ತರವೂ ಮರಳಿ ಬರುತ್ತದೆ.

ಚಾರಣಿಗರು ಇಲ್ಲೊಂದು ಬಲೆಗೆ ಬೀಳುವುದುಂಟು. ಉಪಗ್ರಹದ ಮೂಲಕ ಸಂದೇಶ ಕಳಿಸುವ ಗಾರ್ಮಿನ್ ಇನ್‌ರೀಚ್‌ನಂಥ ಸಾಧನ ವಿದೇಶದಲ್ಲಿರುವ ಅಣ್ಣನೋ ಅತ್ತಿಗೆಯೋ ಉಡುಗೊರೆಯಾಗಿ ತರುವಂಥದ್ದು. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ. 2024ರ ಡಿಸೆಂಬರ್‌ನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ಕೆನಡಾದ ಓಟಗಾರ್ತಿಯೊಬ್ಬರು ಇದೇ ಸಾಧನದಿಂದಾಗಿ ಪೊಲೀಸರ ವಶವಾದರು. 2008ರಲ್ಲಿ ಮುಂಬೈಗೆ ಬಂದ ದಾಳಿಕೋರರು ಕಡಲ ದಾರಿ ಹಿಡಿದದ್ದು ಜಿಪಿಎಸ್ ನೆರವಿನಿಂದ, ಮಾತಾಡಿದ್ದು ಉಪಗ್ರಹ ಫೋನಿನಲ್ಲಿ. ಪಶ್ಚಿಮ ಕರಾವಳಿಯಲ್ಲಿ ಈ ಬಿಗಿ ಸಡಿಲಾಗುವ ಲಕ್ಷಣವಿಲ್ಲ. ಬರೀ ಕೇಳಿಸಿಕೊಳ್ಳುವ ಜಿಪಿಎಸ್‌ಗೆ ಈ ಅನುಮತಿ ಬೇಕಿಲ್ಲ. ಆದರೆ ಜಿಪಿಎಸ್‌ಮ್ಯಾಪ್ 67 ಮತ್ತು 67ಐ ನೋಡಲು ಅವಳಿ-ಜವಳಿ. ಬಾಯಿ ಇರುವುದು 67ಐಗೆ. ಕೊಳ್ಳುವಾಗ ಆ ಒಂದಕ್ಷರ ಕಣ್ಣಿಟ್ಟು ನೋಡಿ.

ಅಂಗಡಿಯಿಂದ ಅಂಗಳಕ್ಕೆ

ಒಟ್ಟಿನಲ್ಲಿ ಘಟ್ಟಕ್ಕೆ ಗುಂಡಿ, ಎಎ ಸೆಲ್, ನಿಜವಾದ ದಿಕ್ಸೂಚಿ ಇರುವ ಯಂತ್ರ. ಕೈಯಲ್ಲಿ ಕಾಸಿದ್ದರೆ ಮಲ್ಟಿಬ್ಯಾಂಡ್. ಕಡಲಿಗೆ ತೇಲುವಂಥದ್ದು. ಹಳೆಯದು ಸಿಕ್ಕಿದರೂ ನಡೆಯುತ್ತದೆ. ಗುಂಡಿಯ ರಬ್ಬರು ಬಿರಿದಿದೆಯೇ, ಸೆಲ್ ಮುಚ್ಚಳ ಗಟ್ಟಿಯಿದೆಯೇ, ಒಳಗೆ ಹಸಿರು ಕಿಲುಬಿದೆಯೇ ನೋಡಿಕೊಂಡರೆ ಸಾಕು.

ಹೊಸ ಯಂತ್ರವನ್ನು ಮೊದಲ ದಿನ ಅಂಗಳದ ಬಯಲಿನಲ್ಲಿ ಕಾಲು ಗಂಟೆ ಸುಮ್ಮನೆ ಬಿಡಿ. ಎಲ್ಲ ಉಪಗ್ರಹಗಳ ಪಂಚಾಂಗ ಆಕಾಶದಿಂದ ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು. ಸರ್ವೆ ಆಫ್ ಇಂಡಿಯಾದ ಹಳೆಯ ಟೊಪೊಶೀಟ್ ಜೊತೆ ಬಳಸುವವರಿಗೆ ಇನ್ನೊಂದು ಮಾತು: ಕಿರಿಮಂಜೇಶ್ವರ 48 ಕೆ/9ನೇ ಹಾಳೆಯಲ್ಲಿದೆ, ಕೊಡಚಾದ್ರಿ ಪಕ್ಕದ 48 ಕೆ/13ರಲ್ಲಿ. ಆ ಹಾಳೆಗಳು ಎವರೆಸ್ಟ್ ಲೆಕ್ಕದವು, ಜಿಪಿಎಸ್ ಡಬ್ಲ್ಯುಜಿಎಸ್ 84 ಲೆಕ್ಕದ್ದು. ಯಂತ್ರದಲ್ಲಿ ಹೊಂದಿಸದಿದ್ದರೆ ನೂರು ಮೀಟರಿಗೂ ಹೆಚ್ಚು ಆಚೀಚೆ.

ಅಂತರ್ಜಾಲದಿಂದ ಯಾರೋ ಅಪರಿಚಿತರು ನಡೆದ ಜಾಡನ್ನು ಇಳಿಸಿಕೊಂಡು ಹೊರಡುವುದು ಈಗಿನ ಫ್ಯಾಷನ್. ಮೂಕಾಂಬಿಕಾ ವನ್ಯಜೀವಿಧಾಮದಲ್ಲಿ ಯಾವ ದಾರಿ ತೆರೆದಿದೆ, ಯಾವುದು ಮುಚ್ಚಿದೆ ಎಂಬುದು ಆ ಜಾಡಿಗೆ ಗೊತ್ತಿರುವುದಿಲ್ಲ. 2024ರ ಅಕ್ಟೋಬರ್‌ನಿಂದ ಅರಣ್ಯ ಇಲಾಖೆ ಅರಣ್ಯ ವಿಹಾರ ಎಂಬ ತಾಣದ ಮೂಲಕ ಚಾರಣದ ಟಿಕೆಟ್ ಕೊಡುತ್ತಿದೆ. ಹೊರಡುವ ಮುನ್ನ ನೋಡಬೇಕಾದ್ದು ಅದನ್ನು. ಕದ್ದು ಹೊಕ್ಕವರು ಅರಣ್ಯ ರಕ್ಷಕರ ಮುಂದೆ ಏನೇ ಕಥೆ ಕಟ್ಟಲಿ, ಯಾವ ಗಳಿಗೆಯಲ್ಲಿ ಯಾವ ಮರದ ಬುಡದಲ್ಲಿದ್ದರು ಎಂಬುದನ್ನೆಲ್ಲ ಬರೆದಿಟ್ಟುಕೊಂಡ ಸಾಕ್ಷಿ ಅವರದೇ ಭುಜದ ಪಟ್ಟಿಯಲ್ಲಿ ನೇತಾಡುತ್ತಿರುತ್ತದೆ.